ಒಂದು ವೈದ್ಯಕ ಸಂಜ್ಞೆಯ ಅಕ್ಷರ, ಉಚ್ಚಾರ, ಪದವಿಭಾಗ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿಗೆ ಸೇರಿದ ಹಂದಿಗೋಡು ಎಂಬ ಗ್ರಾಮದ ಹೆಸರು ಇಂದು ಲೋಕದ ವೈದ್ಯಕ ಕೋಶಗಳಲ್ಲಿ ಸೇರಿಕೊಂಡಿದೆ. ಅಲ್ಲಿ ಅದು ಒಂಟಿಯಾಗಿ ನಿಂತಿಲ್ಲ. ಗ್ರೀಕ್ ಭಾಷೆಯ ಆರು ತುಂಡುಗಳನ್ನು ಒಂದಕ್ಕೊಂದು ಹೆಣೆದು ಮಾಡಿದ ದೀರ್ಘಸಂಜ್ಞೆಯೊಂದರ ಬಾಲವಾಗಿ ನಿಂತಿದೆ. ಆ ಸಂಜ್ಞೆಯನ್ನು ಕನ್ನಡದಲ್ಲಿ ಸಾಮಾನ್ಯವಾಗಿ ಬರೆಯುವ ಕ್ರಮದಂತೆ ಬರೆದರೆ ‘ಸ್ಪಾಂಡಿಲೋಎಪಿಮೆಟಾಫಿಸಿಯಲ್ ಡಿಸ್‌ಪ್ಲೇಸಿಯಾ, ಹಂದಿಗೋಡು ಮಾದರಿ’ ಎಂದಾಗುತ್ತದೆ. ಇದನ್ನು ಒಂದೇ ಉಸಿರಿನಲ್ಲಿ ತಪ್ಪಿಲ್ಲದೆ ಓದಬಲ್ಲವರು ವಿರಳ. ಓದಿದ ಮೇಲೆ ಅರ್ಥವನ್ನು ಬಿಡಿಸಬಲ್ಲವರು ಇನ್ನೂ ವಿರಳ. ಆದರೆ ಇದು ಯಾರ ದೇಹದ ಸ್ಥಿತಿಯನ್ನು ಹೇಳುತ್ತದೆಯೋ ಅವರು ಕನ್ನಡಿಗರು. ಅವರ ನೋವಿಗೆ ಇಟ್ಟ ಹೆಸರು ಅವರಿಗೇ ಅಪರಿಚಿತವಾಗಿರುವುದು ಭಾಷಾವಿದ್ವಾಂಸರು ಉಪೇಕ್ಷಿಸತಕ್ಕ ಸಂಗತಿಯಲ್ಲ.

ಕಾಯಿಲೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. 1970ರ ದಶಕದ ನಡುಭಾಗದಲ್ಲಿ ಹಂದಿಗೋಡಿನಲ್ಲಿ ಇದು ಮೊದಲು ವೈದ್ಯರ ಕಣ್ಣಿಗೆ ಬಿತ್ತು. ಅನಂತರ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲಿಯೂ ಕಂಡುಬಂದಿತು. ಸೊಂಟದ ಕೀಲುಗಳಲ್ಲಿ ನೋವು ಹುಟ್ಟಿ, ನಡೆ ಕುಂಟಾಗಿ, ಕಾಲಕ್ರಮದಲ್ಲಿ ಕೆಲವರು ಕೋಲಿಲ್ಲದೆ ನಡೆಯಲಾರದವರಾಗುತ್ತಾರೆ. ಕೆಲವರಲ್ಲಿ ಮೈಯೆತ್ತರ ಸಾಮಾನ್ಯವಾಗಿಯೇ ಇರುತ್ತದೆ. ಕೆಲವರು ತುಸು ಗಿಡ್ಡರು. ಮತ್ತೆ ಕೆಲವರಲ್ಲಿ ಕುಳ್ಳುತನವೇ ಪ್ರಧಾನ ಲಕ್ಷಣ. ಹೆಚ್ಚಾಗಿ ಇದಕ್ಕೆ ಒಳಗಾದವರು ದಲಿತ ಸಮುದಾಯಗಳಿಗೆ ಸೇರಿ, ತಮ್ಮತಮ್ಮಲ್ಲಿಯೇ ಕೊಡುಕೊಳ್ಳುವ ಸಂಬಂಧವನ್ನಿಟ್ಟುಕೊಂಡ ಬಡ ಕೃಷಿಕಾರ್ಮಿಕ ಕುಟುಂಬಗಳವರು. ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಂಭವ ಅರ್ಧಕ್ಕೆ ಅರ್ಧ ಎನ್ನುವ ರೀತಿಯ ಆನುವಂಶಿಕ ಕ್ರಮವನ್ನು ಇದು ಅನುಸರಿಸುತ್ತದೆಂದು ವಂಶಾವಳಿಗಳ ಪರಿಶೀಲನೆಯಿಂದ ಗೊತ್ತಾಗಿದೆ.

ಈ ಒಂದು ಕಾಯಿಲೆಗೆ ಮೂರು ಹೆಸರುಗಳು ಬಂದಿವೆ. ಜನರ ಬಾಯಲ್ಲಿ ಅದು ‘ಹಂದಿಗೋಡು ಕಾಯಿಲೆ’. 1977ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಎಂಬ ವಿದ್ವಾಂಸರು ಭಾರತೀಯ ವೈದ್ಯಕ ಸಂಶೋಧನ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದಾಗ ಕೊಟ್ಟ ಹೆಸರು ‘ಎಂಡೆಮಿಕ್ ಫೆಮಿಲಿಯಲ್ ಆರ್ಥ್ರೈಟಿಸ್ ಆಫ್ ಮಲ್ನಾಡ್’. 1994ರಲ್ಲಿ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ಅಗರವಾಲ್ ಮೊದಲಾದವರು ಕ್ಷ-ಕಿರಣದ ಚಿತ್ರಗಳನ್ನು ಪರೀಕ್ಷಿಸಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಡಿಸ್‌ಪ್ಲೇಸಿಯಾ ಎಂಬ ವರ್ಗಕ್ಕೆ ಸೇರಿಸಿದರು. ಎರಡನೆಯ ಹೆಸರಿನಿಂದ ಮೂರನೆಯದಕ್ಕೆ ಹೋದದ್ದು ಬರಿಯ ಶಬ್ದಾಂತರವಲ್ಲ, ಅದು ಅಭಿಪ್ರಾಯಾಂತರ. ಆ ಅಂತರವೆಲ್ಲವೂ ಪದಗಳ ಕೊನೆಯಲ್ಲಿರುವ ಪುಟ್ಟ ತುಂಡುಗಳಲ್ಲಿ ಅಡಗಿಕೊಂಡಿದೆ.

ಮೊದಲು ‘ಆರ್ಥ್ರೈಟಿಸ್’ ಎಂಬುದನ್ನು ನೋಡತಕ್ಕದ್ದು. ಗ್ರೀಕಿನಲ್ಲಿ ‘ಆರ್ಥ್ರೊನ್’ ಎಂದರೆ ಕೀಲು. ‘ಇಟಿಸ್’ ಎಂಬುದು ಮೂಲದಲ್ಲಿ ಸ್ತ್ರೀಲಿಂಗದ ಒಂದು ವಿಶೇಷಣಪ್ರತ್ಯಯವಷ್ಟೆ; ರೋಗಕ್ಕೆ ಗ್ರೀಕಿನಲ್ಲಿ ‘ನೊಸೊಸ್’ ಎಂದು ಹೆಸರು, ಆ ಶಬ್ದ ಸ್ತ್ರೀಲಿಂಗ, ಆದುದರಿಂದ ಅದರ ವಿಶೇಷಣವೂ ಸ್ತ್ರೀಲಿಂಗ. ‘ಆರ್ಥ್ರಿಟಿಸ್ ನೊಸೊಸ್’ ಎಂದರೆ ‘ಕೀಲಿನ ರೋಗ’. ಬಳಕೆಯಲ್ಲಿ ವಿಶೇಷ್ಯ ಬಿದ್ದುಹೋಗಿ ವಿಶೇಷಣವೇ ಉಳಿಯಿತು. ಇಂಥದು ಕನ್ನಡಕ್ಕೆ ಹೊಸದಲ್ಲ: ‘ಸಕ್ಕರೆ ಕಾಯಿಲೆ’ ಎಂಬ ಮಾತು ಕುಗ್ಗಿ ‘ಅವರಿಗೆ ಸಕ್ಕರೆ ಇದೆ’ ಎಂದಾಗಿಲ್ಲವೆ? ಹೀಗೆ ಒಂಟಿಯಾದ ‘ಇಟಿಸ್’ ಬಹುಕಾಲ ಯಾವ ವಿಶೇಷಾರ್ಥವನ್ನೂ ಹೊತ್ತಿರಲಿಲ್ಲ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ಯೂರೋಪಿನ ವೈದ್ಯರ ಕೈಯಲ್ಲಿ ಅದಕ್ಕೆ ‘ಉರಿಯೂತ’ ಎಂಬ ಅರ್ಥ ನಿಯತವಾಯಿತು. ಉರಿಯೂತ ಎಂಬ ಕನ್ನಡ ಸಮಾಸವಾದರೋ ಬಹಳ ಸೊಗಸಾದುದು. ‘ಉರಿ’ ಮತ್ತು ಊದು ಧಾತುವಿನಿಂದ ಬಂದ ‘ಊತ’ ಎರಡೂ ಯಕಾರಾಗಮದಿಂದ ಕೂಡಿ, ರೋಗಿಯೂ ವೈದ್ಯನೂ ಒಪ್ಪುವ ಎರಡು ಲಕ್ಷಣಗಳನ್ನು ನಾಲ್ಕೇ ಅಕ್ಷರಗಳಲ್ಲಿ ಹೇಳಿಬಿಡುತ್ತವೆ.

ಆದುದರಿಂದ 1977ರ ಹೆಸರು, ಇಟ್ಟವರ ಉದ್ದೇಶವೇನೇ ಇರಲಿ, ಕೇಳುವವರಿಗೆ ಕೀಲುಗಳಲ್ಲಿ ಉರಿಯೂತವಿದೆಯೆಂಬ ಭಾವನೆಯನ್ನು ಕೊಡುತ್ತದೆ. ಅದರ ಮುಂದಿನ ಎರಡು ವಿಶೇಷಣಗಳು ಪರಸ್ಪರ ಎದುರುಮುಖವಾಗಿ ಎಳೆಯುತ್ತವೆಂಬುದೂ ಗಮನಾರ್ಹ. ‘ಎಂಡೆಮಿಕ್’ ಎಂಬುದರಲ್ಲಿ ‘ಎನ್’ ಎಂದರೆ ಒಳಗೆ, ‘ಡೆಮೊಸ್’ ಎಂದರೆ ಜನ ಅಥವಾ ನಾಡು. ನಾಡಿನೊಳಗೇ ನೆಲಸಿದ್ದು ಎಂದು ತಾತ್ಪರ್ಯ. ಅದು ನೀರು, ಅನ್ನ, ಮಣ್ಣುಗಳ ಕಡೆಗೆ ಬೆರಳು ತೋರಿಸುತ್ತದೆ. ‘ಫೆಮಿಲಿಯಲ್’ ಎಂಬ ಲ್ಯಾಟಿನ್ ಮೂಲದ ಶಬ್ದ ಮನೆತನದ ಕಡೆಗೆ ತೋರಿಸುತ್ತದೆ. ಆ ಕಾಲದ ಸಂದೇಹವೆಲ್ಲ ಈ ಎರಡು ಮಾತುಗಳ ನಡುವೆ ಇದೆ. ಕೀಟನಾಶಕ ಚೆಲ್ಲಿದ ಗದ್ದೆಗಳ ಏಡಿಗಳನ್ನು ಬಡವರು ತಿಂದುದರಿಂದ ಈ ಕಾಯಿಲೆ ಬಂತೆಂಬ ಊಹೆ ಬಹುಕಾಲ ಪ್ರಚಾರದಲ್ಲಿದ್ದಿತು. ಎಂಡೆಮಿಕ್ ಎಂಬ ವಿಶೇಷಣವೂ ಉರಿಯೂತದ ಪ್ರತ್ಯಯವೂ ಅಂಥ ಊಹೆಗೆ ಎಡೆ ಕೊಡುವಂಥವೇ.

ಕನ್ನಡದಲ್ಲಿ ಆರ್ಥ್ರೈಟಿಸ್ ಎಂಬುದನ್ನು ‘ಸಂಧಿವಾತ’ ಎಂದು ಅನುವಾದಿಸುವ ರೂಢಿಯಿದೆ. ಇದರಿಂದ ತೊಡಕು ಇಮ್ಮಡಿಯಾಗುತ್ತದೆ. ಸಂಧಿ ಎಂದರೆ ಕೀಲು; ವ್ಯಾಕರಣವನ್ನು ಕಲಿಸುವವರಿಗೆ ಈ ಅರ್ಥವಿಸ್ತಾರವನ್ನು ಹೇಳಬೇಕಾದ್ದಿಲ್ಲ. ಆದರೆ ವಾತವೆಂಬುದು ತ್ರಿದೋಷಗಳಲ್ಲಿ ಒಂದು. ಅದನ್ನು ಹೆಸರಿನಲ್ಲಿ ಸೇರಿಸಿದೊಡನೆ ಆಯುರ್ವೇದದ ಒಂದು ಪೂರ್ಣನಿದಾನವನ್ನೇ ಹೇಳಿದಂತಾಗುತ್ತದೆ. ಗ್ರೀಕ್ ಹೆಸರು ಉರಿಯೂತವೆಂದರೆ ಕನ್ನಡ ಹೆಸರು ವಾತವೆನ್ನುತ್ತದೆ. ಕ್ಷ-ಕಿರಣದ ಚಿತ್ರಗಳು ತೋರಿಸಿದ್ದಾದರೋ ಇವೆರಡೂ ಅಲ್ಲ.

ಚಿತ್ರಗಳು ತೋರಿಸಿದ್ದು, ಎಲುಬು ಬೆಳೆಯುವಾಗಲೇ ರೂಪು ತಪ್ಪಿದೆ ಎಂಬುದನ್ನು. ಅದನ್ನು ಹೇಳುವುದಕ್ಕಾಗಿಯೇ ಮೂರನೆಯ ಹೆಸರು ಹುಟ್ಟಿತು. ಅದರ ತುಂಡುಗಳನ್ನು ಒಂದೊಂದಾಗಿ ಬಿಡಿಸುವಾಗ, ಅಪರಿಚಿತವೆಂದು ಕಂಡ ಸಂಜ್ಞೆಯಲ್ಲಿ ಕನ್ನಡಿಗರ ನಿತ್ಯವ್ಯವಹಾರದ ಸಂಸ್ಕೃತಶಬ್ದಗಳ ನೆಂಟರು ಎಷ್ಟು ಮಂದಿ ಕುಳಿತಿದ್ದಾರೆಂಬುದು ತಿಳಿಯುತ್ತದೆ.

‘ಸ್ಪೊಂಡುಲೊಸ್’ ಎಂದರೆ ಬೆನ್ನೆಲುಬಿನ ಒಂದು ಮಣಿ. ಇದರ ಹಳೆಯ ರೂಪಾಂತರ ‘ಸ್ಫೊಂಡುಲೊಸ್’ ಎಂಬುದಕ್ಕೆ ನೂಲುವ ಕದಿರಿನ ತಳದಲ್ಲಿರುವ ದುಂಡುಬಿಲ್ಲೆ ಎಂಬ ಅರ್ಥವೂ, ಕಲ್ಲುಕಂಬವನ್ನು ಏರಿಸುವಾಗ ಒಂದರ ಮೇಲೊಂದು ಇಡುವ ಗುಂಡುಕಲ್ಲು ಎಂಬ ಅರ್ಥವೂ ಇದ್ದವು. ದೇಹದೊಳಗಿನದಕ್ಕೆ ಮನೆಯೊಳಗಿನ ವಸ್ತುವಿನ ಹೆಸರನ್ನಿಡುವುದು ಎಲ್ಲ ಭಾಷೆಗಳಿಗೂ ಸಮಾನವಾದ ಜಾಣ್ಮೆ. ಈ ಧಾತುವಿನ ಪರಿಚಯ ಇಂದಿನ ಕನ್ನಡಿಗರಿಗೆ ಇಲ್ಲದಿಲ್ಲ. ಕತ್ತುನೋವಿನವರ ಬಾಯಲ್ಲಿ ‘ಸ್ಪಾಂಡಿಲೈಟಿಸ್’ ಎಂಬ ಮಾತು ಸಲೀಸಾಗಿ ಆಡುತ್ತಿದೆ. ಅಲ್ಲಿ ‘ಇಟಿಸ್’ ಎಂಬ ಸ್ವರಾದಿಪ್ರತ್ಯಯ ಪರವಾದಾಗ ‘ಸ್ಪಾಂಡಿಲೋ’ ಎಂಬುದರ ಕೊನೆಯ ಓಕಾರ ಲೋಪವಾಯಿತು. ‘ಎಪಿ’ ಪರವಾದಾಗ ಅದು ಉಳಿದುಕೊಂಡಿದೆ. ಪ್ರತ್ಯಯ ಪರವಾದರೆ ಲೋಪ, ಮತ್ತೊಂದು ಅಂಗ ಪರವಾದರೆ ಸ್ವರ ಹಾಗೆಯೇ ನಿಲ್ಲುವುದು ಎಂಬುದು ವೈದ್ಯಕಸಂಜ್ಞೆಗಳನ್ನು ಕಟ್ಟುವವರ ಸಾಮಾನ್ಯ ನಿಯಮ. ಕನ್ನಡದ ಲೋಪಸಂಧಿ ಮತ್ತು ಪ್ರಕೃತಿಭಾವಗಳನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು.

‘ಎಪಿ’ ಎಂದರೆ ಮೇಲೆ. ಇದು ಸಂಸ್ಕೃತದ ‘ಅಪಿ’ ಎಂಬುದರ ಒಡಹುಟ್ಟು. ‘ಅಪಿ’ ಎಂಬುದು ‘ಕೂಡ’ ಎಂಬರ್ಥದ ಅವ್ಯಯವಾಗಿಯೇ ಹೆಚ್ಚು ಪ್ರಸಿದ್ಧವಾದರೂ, ಮುಚ್ಚಳವೆಂಬರ್ಥದ ‘ಅಪಿಧಾನ’ದಲ್ಲಿ ‘ಮೇಲಿಡುವುದು’ ಎಂಬ ಹಳೆಯ ಅರ್ಥ ಉಳಿದಿದೆ. ‘ಮೆಟ’ ಎಂದರೆ ಅನಂತರ, ಆಚೆಗೆ. ‘ಫುಸಿಸ್’ ಎಂದರೆ ಬೆಳವಣಿಗೆ, ಸ್ವಭಾವ. ಅದರ ಧಾತು ಸಂಸ್ಕೃತದ ‘ಭೂ’ ಧಾತುವೇ. ಗ್ರೀಕಿನ ಫಕಾರಕ್ಕೆ ಸಂಸ್ಕೃತದಲ್ಲಿ ಭಕಾರ ಬರುವುದು ನಿಯತವಾಗಿದೆ: ‘ಫ್ರಾಟೆರ್’ ಎಂಬಲ್ಲಿ ‘ಭ್ರಾತೃ’, ‘ಫೆರೊ’ ಎಂಬಲ್ಲಿ ‘ಭರ’. ಭವ, ಭೂಮಿ, ಭೂತ, ಸ್ವಭಾವ ಎಂಬ ಮಾತುಗಳೆಲ್ಲ ಹೀಗೆ ಆ ಸಂಜ್ಞೆಯ ನಡುವಿನ ‘ಫಿಸಿ’ಗೆ ದಾಯಾದಿಗಳು. ಕೊನೆಯ ‘ಅಲ್’ ಮಾತ್ರ ಲ್ಯಾಟಿನ್ನಿನ ವಿಶೇಷಣಪ್ರತ್ಯಯ. ಗ್ರೀಕ್ ಪ್ರಕೃತಿಗೆ ಲ್ಯಾಟಿನ್ ಪ್ರತ್ಯಯವನ್ನು ಹಚ್ಚಿದ ಇದು ಒಂದು ಬಗೆಯ ಅರಿಸಮಾಸದಂತೆ. ಬಿರುದಾವಳಿಗಳಲ್ಲಿ ಅರಿಸಮಾಸವನ್ನು ಸಹಿಸಿಕೊಂಡ ಕೇಶಿರಾಜನ ಔದಾರ್ಯವನ್ನು ವೈದ್ಯರಿಗೂ ತೋರಿಸಬಹುದು.

ಎಪಿಫಿಸಿಸ್, ಮೆಟಫಿಸಿಸ್ ಎಂಬವು ಉದ್ದೆಲುಬಿನ ಎರಡು ಭಾಗಗಳ ಹೆಸರುಗಳು. ಬೆಳೆಯುವ ಮಕ್ಕಳ ಉದ್ದೆಲುಬಿನ ತುದಿಯ ಸಮೀಪದಲ್ಲಿ ಮೆದುವಾದ ಒಂದು ತಟ್ಟೆಯಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಆ ತಟ್ಟೆಯೇ ಫಿಸಿಸ್. ಅದರ ಮೇಲೆ ಕೀಲಿನ ಕಡೆಗಿರುವ ಗುಬುಟು ಎಪಿಫಿಸಿಸ್. ಅದರ ಆಚೆಗೆ ಎಲುಬಿನ ಕಾಂಡದ ಕಡೆಗಿರುವ ಅಗಲವಾದ ಭಾಗ ಮೆಟಫಿಸಿಸ್. ತತ್ತ್ವಶಾಸ್ತ್ರಕ್ಕೆ ಪಾಶ್ಚಾತ್ಯರು ಕೊಡುವ ‘ಮೆಟಫಿಸಿಕ್ಸ್’ ಎಂಬ ಹೆಸರಿನಲ್ಲಿಯೂ ಇವೇ ಎರಡು ತುಂಡುಗಳಿವೆ. ಅರಿಸ್ಟಾಟಲನ ಗ್ರಂಥಗಳನ್ನು ಜೋಡಿಸಿದವರು ಪ್ರಕೃತಿವಿಚಾರದ ಗ್ರಂಥಗಳ ಅನಂತರ ಇಟ್ಟವಕ್ಕೆ ಆ ಹೆಸರು ಬಂತು. ಒಂದೇ ಸಮಾಸ ಒಂದೆಡೆ ಬ್ರಹ್ಮಜಿಜ್ಞಾಸೆಯಾಗಿಯೂ ಇನ್ನೊಂದೆಡೆ ಮೊಳಕಾಲಿನ ಎಲುಬಾಗಿಯೂ ನಿಂತಿರುವುದು ಶಬ್ದಗಳ ಲೋಕದಲ್ಲಿ ಮಾತ್ರ ಸಾಧ್ಯ.

ಇಲ್ಲಿ ಒಂದು ಸ್ವಾರಸ್ಯವಾದ ವಿಷಯವಿದೆ. 1994ರ ಲೇಖನದಲ್ಲಿ ಈ ಹೆಸರನ್ನು ಅಚ್ಚುಮಾಡುವಾಗ ‘ಮೆಟ’ ಎಂಬ ತುಂಡನ್ನು ಕಂಸದೊಳಗೆ ಇಟ್ಟಿದ್ದಾರೆ. ಎಪಿಫಿಸಿಸ್ಸಿನ ವಿಕಾರ ಸಾಮಾನ್ಯವಾದರೂ ಮೆಟಫಿಸಿಸ್ಸಿನ ವಿಕಾರ ಎಲ್ಲರಲ್ಲಿಯೂ ಇಲ್ಲವೆಂಬುದನ್ನು ಆ ಎರಡು ಗೆರೆಗಳು ಹೇಳುತ್ತವೆ. ಕಂಸವನ್ನು ಉಚ್ಚರಿಸುವುದು ಅಸಾಧ್ಯ. ಓದುವವನು ಅದನ್ನು ಬಿಟ್ಟೇ ಓದಬೇಕು. ಬಿಟ್ಟೊಡನೆ ಒಂದು ಎಚ್ಚರಿಕೆಯ ಮಾತು ಬಿದ್ದುಹೋಗುತ್ತದೆ. ಅನಂತರದ ಕೋಶಗಳಲ್ಲಿ ಕಂಸ ಮಾಯವಾಗಿ ಮೂರು ಅಂಗಗಳೂ ಸಮವಾಗಿ ಕೂಡಿಕೊಂಡ ರೂಪವೇ ನಿಂತಿದೆ.

ಉಳಿದದ್ದು ‘ಡಿಸ್‌ಪ್ಲೇಸಿಯಾ’. ‘ದುಸ್’ ಎಂಬ ಸಂಸ್ಕೃತದ ಉಪಸರ್ಗವೇ ಗ್ರೀಕಿನ ‘ಡುಸ್’. ದುರ್ಜನ, ದುಷ್ಕಾಲ ಎಂಬಲ್ಲಿ ಇರುವುದು ಅದೇ. ‘ಪ್ಲಾಸಿಸ್’ ಎಂದರೆ ಜೇಡಿಯನ್ನೋ ಮೇಣವನ್ನೋ ಕೈಯಿಂದ ಒತ್ತಿ ಆಕಾರಕ್ಕೆ ತರುವುದು. ಪ್ಲಾಸ್ಟರ್, ಪ್ಲಾಸ್ಟಿಕ್ ಎಂಬ ಮನೆಮಾತುಗಳು ಅದರ ಸಂತಾನ. ಆದುದರಿಂದ ಡಿಸ್‌ಪ್ಲೇಸಿಯಾ ಎಂಬುದರ ಚಿತ್ರ ಕುಂಬಾರನ ಮನೆಯದು. ಆವಿಗೆಯಲ್ಲಿ ಬೆಂಕಿ ಹೆಚ್ಚಾಗಿ ಮಡಕೆ ಸೀಳಿದರೆ ಅದು ‘ಇಟಿಸ್’. ತಿಗುರಿಯ ಮೇಲೆ ಆಕಾರ ಕೂಡುವಾಗಲೇ ಅಂಚು ಓರೆಯಾದರೆ ಅದು ‘ಡಿಸ್‌ಪ್ಲೇಸಿಯಾ’. ಮೊದಲನೆಯದು ಅನಂತರ ಬಂದ ಕೇಡು. ಎರಡನೆಯದು ರೂಪದೊಡನೆಯೇ ಹುಟ್ಟಿದ್ದು. ರೋಗಿಯಾದವನಿಗೆ ಈ ಭೇದ ಸಾಮಾನ್ಯವಾದುದಲ್ಲ. ತಿಂದ ಏಡಿಯನ್ನೋ ಕುಡಿದ ನೀರನ್ನೋ ತಾಯಿಯ ಅಜಾಗರೂಕತೆಯನ್ನೋ ಹಳಿಯಬೇಕಾಗಿಲ್ಲವೆಂಬ ಅರಿವು ಅದರಲ್ಲಿದೆ. ಉರಿಯೂತವನ್ನು ಇಳಿಸುವ ಔಷಧದಿಂದ ನೋವು ತುಸು ಕಡಮೆಯಾದರೂ ಎಲುಬಿನ ರೂಪ ಮರಳಲಾರದೆಂಬ ಕಹಿಯೂ ಅದರಲ್ಲಿದೆ.

ಇನ್ನು ಉಚ್ಚಾರ. ಇಂಗ್ಲಿಷಿನ ಮೂಲಕ ಬಂದ ಗ್ರೀಕ್ ಶಬ್ದಗಳನ್ನು ಕನ್ನಡದಲ್ಲಿ ಬರೆಯುವವರು ಒಂದು ಅನುಕೂಲವನ್ನು ಮರೆಯುತ್ತಾರೆ. ಗ್ರೀಕಿನಲ್ಲಿ ಹ್ರಸ್ವ ಎಕಾರಕ್ಕೂ ದೀರ್ಘ ಏಕಾರಕ್ಕೂ, ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಬೇರೆಬೇರೆ ಅಕ್ಷರಗಳಿವೆ. ಸಂಸ್ಕೃತಕ್ಕೆ ಹ್ರಸ್ವ ಎ, ಒಗಳಿಲ್ಲ, ಕನ್ನಡಕ್ಕೆ ಇವೆ. ‘ಸ್ಪೊಂಡುಲೊಸ್’ ಎಂಬುದರಲ್ಲಿ ಎರಡು ಒಕಾರಗಳೂ ಹ್ರಸ್ವ, ‘ಎಪಿ’ಯ ಎಕಾರವೂ ‘ಮೆಟ’ದ ಎಕಾರವೂ ಹ್ರಸ್ವ, ‘ಮೆಟ’ದ ಕೊನೆಯ ಅಕಾರವೂ ಹ್ರಸ್ವ. ‘ಸ್ಪಾಂಡಿಲೋ’, ‘ಮೆಟಾ’ ಎಂಬ ರೂಢಿಯ ದೀರ್ಘಗಳು ಮೂಲದಲ್ಲಿಲ್ಲ. ಬಾಯಿಗೂ ಅವು ಹೊರೆ. ಅವನ್ನು ಬಿಟ್ಟು ‘ಸ್ಪೊಂಡಿಲೊಎಪಿಮೆಟಫಿಸಿಯಲ್’ ಎಂದು ಬರೆದರೆ ಮೂಲಕ್ಕೆ ಹತ್ತಿರವಾಗುವುದಲ್ಲದೆ ಮತ್ತೊಂದು ಲಾಭವುಂಟು. ಅಕ್ಷರಗಳನ್ನು ಬಿಡಿಸಿ ಎಣಿಸಿದರೆ ಹತ್ತು: ಸ್ಪೊಂ, ಡಿ, ಲೊ, ಎ, ಪಿ, ಮೆ, ಟ, ಫಿ, ಸಿ, ಯಲ್. ಮೊದಲನೆಯದು ಬಿಂದುವಿನಿಂದಲೂ ಕೊನೆಯದು ವ್ಯಂಜನಾಂತವಾದ್ದರಿಂದಲೂ ಗುರು. ನಡುವಿನ ಎಂಟೂ ಲಘು. ಒಟ್ಟು ಹನ್ನೆರಡು ಮಾತ್ರೆ. ನಾಲ್ಕುನಾಲ್ಕಾಗಿ ಕಡಿದರೆ ‘ಸ್ಪೊಂಡಿಲೊ’, ‘ಎಪಿಮೆಟ’, ‘ಫಿಸಿಯಲ್’ ಎಂದು ಮೂರು ಚತುರ್ಮಾತ್ರಾಗಣಗಳಾಗುತ್ತವೆ. ಗಣದ ಮುರಿವಿನಲ್ಲಿಯೇ ಅರ್ಥದ ಮುರಿವೂ ಬೀಳುತ್ತದೆ. ಕಂದಪದ್ಯದ ಮೊದಲನೆಯ ಪಾದಕ್ಕೆ ಬೇಕಾದದ್ದೂ ಇಷ್ಟೇ: ಮೂರು ಗಣ, ಹನ್ನೆರಡು ಮಾತ್ರೆ. ನಾಗವರ್ಮನ ಛಂದೋಂಬುಧಿಯನ್ನು ಪಾಠ ಹೇಳುವ ಅಧ್ಯಾಪಕನು ಕಂದದ ಓಟದಲ್ಲಿ ಇದನ್ನು ಎರಡು ಬಾರಿ ಓದಿಸಿದನಾದರೆ ವಿದ್ಯಾರ್ಥಿಯ ನಾಲಗೆ ಮತ್ತೆ ತೊಡರಲಾರದು. ಕಾಕತಾಳೀಯವೆಂಬುದರಲ್ಲಿ ಸಂದೇಹವಿಲ್ಲ, ಉಪಯೋಗಕ್ಕೆ ಬರುವ ಕಾಕತಾಳೀಯ.

ಇಂಗ್ಲಿಷಿನಲ್ಲಿ ಈ ಪದದ ಪ್ರಧಾನವಾದ ಒತ್ತು ‘ಫಿ’ ಎಂಬ ಅಕ್ಷರದ ಮೇಲೆ. ಕನ್ನಡದಲ್ಲಿ ಅರ್ಥಭೇದಕವಾದ ಒತ್ತಿಲ್ಲ. ಕಾಲಪರಿಮಾಣವೇ ಅದರ ಜೀವ. ಆದುದರಿಂದ ಒತ್ತನ್ನು ಅನುಕರಿಸುವ ಶ್ರಮ ವ್ಯರ್ಥ. ಗಣದ ಕೊನೆಯಲ್ಲಿ ಎಷ್ಟೂ ಕಾಣದಷ್ಟು ನಿಲ್ಲುವುದೇ ಸಾಕು. ಫಕಾರದ ವಿಷಯದಲ್ಲಿಯೂ ನಾಚಿಕೆಪಡಬೇಕಾಗಿಲ್ಲ. ತುಟಿಗೆ ಹಲ್ಲು ತಾಗಿಸಿ ಉಸಿರು ಬಿಡುವ ಇಂಗ್ಲಿಷ್ ಧ್ವನಿ ಕನ್ನಡಕ್ಕೆ ಪರಕೀಯವಾದರೂ, ಪ್ರಾಚೀನ ಗ್ರೀಕರ ಧ್ವನಿ ಪಕಾರದ ಮಹಾಪ್ರಾಣವೇ ಆಗಿದ್ದಿತು. ‘ಫಲ’ದಲ್ಲಿ ಅನ್ನುವಂತೆ ‘ಫಿಸಿಯಲ್’ ಎನ್ನುವ ಕನ್ನಡ ಪಂಡಿತನು ಹಿಪ್ಪೊಕ್ರಾಟಿಸನ ಬಾಯಿಗೆ ಲಂಡನ್ನಿನ ವೈದ್ಯನಿಗಿಂತ ಹತ್ತಿರದವನು. ಉಕಾರದ ಕಥೆ ಬೇರೆ. ಸ್ಪೊಂಡುಲೊಸ್, ಫುಸಿಸ್, ಡುಸ್ ಎಂಬ ಮೂರರಲ್ಲಿಯೂ ಮೂಲದಲ್ಲಿ ಇದ್ದುದು ಉಕಾರಕ್ಕೂ ಇಕಾರಕ್ಕೂ ನಡುವಿನ ಸ್ವರ; ಅದು ಲ್ಯಾಟಿನ್ನಿನ ಮೂಲಕ ಇಂಗ್ಲಿಷಿಗೆ ಬಂದು ಇಕಾರವಾಯಿತು. ಅದರಿಂದಲೇ ‘ದುಸ್’, ‘ಭೂ’ಗಳ ನೆಂಟತನ ಕಿವಿಗೆ ತಿಳಿಯದಂತಾಗಿದೆ.

ಪದಾದಿಯ ‘ಸ್ಪ’ ಎಂಬ ಒತ್ತಕ್ಷರವನ್ನು ಕನ್ನಡದ ಬಾಯಿ ಎರಡು ಕಾಲಗಳಲ್ಲಿ ಎರಡು ರೀತಿಯಾಗಿ ಎದುರಿಸಿದೆ. ಹಿಂದೆ ಸಕಾರವನ್ನು ಬಿಟ್ಟಿತು: ಸ್ತಂಭ ಕಂಬವಾಯಿತು, ಸ್ಥಾನ ತಾಣವಾಯಿತು, ಸ್ಫಟಿಕ ಪಳಿಕಾಯಿತು. ಈಚಿನ ಶತಮಾನಗಳಲ್ಲಿ ಮುಂದೆ ಒಂದು ಇಕಾರವನ್ನು ತಂದುಕೊಂಡಿತು: ಇಸ್ಕೂಲು, ಇಸ್ಪೀಟು. ‘ಲೊಎ’ ಎಂಬಲ್ಲಿ ಎರಡು ಸ್ವರಗಳು ಎದುರುಬದುರಾಗಿರುವುದನ್ನೂ ಅದು ಸಹಿಸದೆ ‘ಲೊವೆ’ ಎಂದು ವಕಾರಾಗಮವನ್ನು ಮಾಡಿಕೊಳ್ಳುತ್ತದೆ. ಇವಾವುದರಿಂದಲೂ ಅರ್ಥಕ್ಕೆ ಹಾನಿಯಿಲ್ಲ. ‘ಇಸ್ಪೊಂಡಿಲೊವೆಪಿ’ ಎಂದ ಹಳ್ಳಿಗನನ್ನು ನಗುವವರು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣವನ್ನು ಒಮ್ಮೆ ತೆರೆಯುವುದು ಒಳ್ಳೆಯದು.

ನಿಜವಾದ ಹಾನಿ ಇರುವುದು ಎಲ್ಲರೂ ಸುಲಭವೆಂದುಕೊಂಡ ‘ಡಿಸ್’ ಎಂಬಲ್ಲಿ. ಲ್ಯಾಟಿನ್ನಿನಲ್ಲಿ ‘ಬೇರೆಯಾಗಿ, ದೂರ’ ಎಂಬರ್ಥದ ಇನ್ನೊಂದು ‘ಡಿಸ್’ ಉಂಟು. ಎಲುಬು ಸ್ಥಾನ ಬಿಟ್ಟು ಸರಿದಾಗ ಹೇಳುವ ‘ಡಿಸ್‌ಪ್ಲೇಸ್‌ಮೆಂಟ್’ ಎಂಬುದರಲ್ಲಿರುವುದು ಅದು. ಇಂಗ್ಲಿಷ್ ಬರವಣಿಗೆಯಲ್ಲಿ ಎರಡಕ್ಕೂ ಬೇರೆ ಬೇರೆ ಸ್ವರಾಕ್ಷರಗಳಿರುವುದರಿಂದ ಕಣ್ಣಿಗಾದರೂ ಭೇದ ತಿಳಿಯುತ್ತದೆ. ಕನ್ನಡದಲ್ಲಿ ಕಣ್ಣಿಗೂ ಕಿವಿಗೂ ಎರಡೂ ಒಂದೇ. ಅದರ ಮೇಲೆ ಪದವನ್ನು ‘ಡಿಸ್ಪ್ಲೇಸಿಯಾ’ ಎಂದು ಒಟ್ಟಿಗೆ ಒತ್ತಿ ಬರೆದರೆ ‘ಡಿಸ್‌ಪ್ಲೇಸ್’ ಎಂಬ ಪರಿಚಿತ ಶಬ್ದವೇ ಕೇಳಿಸುತ್ತದೆ. ಸೊಂಟದ ಕೀಲಿನ ನೋವಿನಿಂದ ಬಂದವನು ಇದನ್ನು ಕೇಳಿ, ಕೀಲು ಜಾರಿದೆಯೆಂದು ಭಾವಿಸಿ ಅದನ್ನು ಕೂರಿಸುವವರನ್ನು ಹುಡುಕಿಕೊಂಡು ಹೋಗುವುದು ಅಸಹಜವಲ್ಲ. ‘ಡಿಸ್’ ಎಂಬುದನ್ನು ಬಿಡಿಸಿ ಬರೆದು, ಬಿಡಿಸಿ ಓದಿ, ಅದು ‘ದುಸ್’ ಎಂದು ಹೇಳಿಕೊಡುವುದು ಅತ್ಯವಶ್ಯ.

ಹಾಗಾದರೆ ಇದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು? ವೈದ್ಯಕವನ್ನು ಕನ್ನಡದಲ್ಲಿ ಬರೆಯುವ ಪರಂಪರೆ ಚಿಕ್ಕದಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯವಂಶದ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದಲ್ಲಿ ವಿಷವೈದ್ಯವನ್ನು ಕುರಿತ ಮಂಗರಾಜನ ಖಗೇಂದ್ರಮಣಿದರ್ಪಣ ಇವೆ. ಸಂಸ್ಕೃತದ ದಾರಿಯನ್ನು ಹಿಡಿದರೆ ‘ಕಶೇರುಕಾಸ್ಥ್ಯಗ್ರದುರ್ವೃದ್ಧಿ’ ಎಂದು ಶಾಸ್ತ್ರಶುದ್ಧವಾಗಿ ಕೂಡಿಸಬಹುದು. ಸವರ್ಣದೀರ್ಘ, ಯಣ್ ಎಲ್ಲವೂ ಸರಿಯಾಗಿವೆ. ಆದರೆ ‘ಸ್ಥ್ಯ’ ಎಂಬ ಮೂರು ವ್ಯಂಜನಗಳ ಗಂಟು ಗ್ರೀಕಿಗಿಂತ ಸುಲಭವೆಂದು ಯಾರೂ ಹೇಳಲಾರರು. ರೂಪಿಸುವುದೆಂಬ ಅರ್ಥವನ್ನು ಉಳಿಸಬೇಕೆಂದು ‘ದುಸ್’ ಮತ್ತು ‘ರಚನೆ’ಗಳನ್ನು ಕೂಡಿಸಿದರೆ ಸಂಧಿನಿಯಮದಿಂದ ರೇಫವೊಂದು ಲೋಪವಾಗಿ ಹಿಂದಿನ ಸ್ವರ ದೀರ್ಘವಾಗಿ ‘ದೂರಚನೆ’ ಎಂಬ ವಿಲಕ್ಷಣರೂಪ ಬರುತ್ತದೆ. ‘ದುರ್ಬೆಳವಣಿಗೆ’ ಎಂಬುದು ಅರಿಸಮಾಸ. ಅಚ್ಚಗನ್ನಡದ ‘ಮಾಟ’ ಎಂಬುದಕ್ಕೆ ರಚನೆಯ ಸೊಗಸು ಎಂಬ ಒಳ್ಳೆಯ ಅರ್ಥವಿದ್ದರೂ, ‘ಕೆಟ್ಟ ಮಾಟ’ವೆಂದೊಡನೆ ಊರಿನವರು ಮಂತ್ರವಾದಿಯ ಕಡೆಗೆ ನೋಡುತ್ತಾರೆ. ‘ರೂಪುಗೇಡು’ ಎಂಬುದು ಆದೇಶಸಂಧಿಯಿಂದ ಚೆನ್ನಾಗಿ ಕೂಡಿದ ಮಾತು. ಆದರೆ ನಾಚಿಕೆಗೇಡು, ಮಾನಗೇಡು ಎಂಬ ನೆರೆಹೊರೆಯವರಿಂದ ಅದಕ್ಕೆ ಬೈಗಳ ಬಣ್ಣ ಹತ್ತಿದೆ. ‘ದೋಷ’ದಲ್ಲಿ ಪಾಪದ ನೆರಳೂ ತ್ರಿದೋಷದ ನೆರಳೂ ಎರಡೂ ಬೀಳುತ್ತವೆ. ಈಗಾಗಲೇ ಸಮಾಜದ ಅಂಚಿನಲ್ಲಿರುವವರ ಮೈಗೆ ಹಚ್ಚುವ ಹೆಸರಿನಲ್ಲಿ ಇಂಥ ನೆರಳುಗಳಿರಬಾರದು. ‘ತೊಡಕು’ ಎಂಬ ಮಾತಿನಲ್ಲಿ ಯಾರ ತಪ್ಪೂ ಇಲ್ಲ. ‘ಬೆನ್ನೆಲುಬಿನ ಮತ್ತು ಎಲುಬುತುದಿಗಳ ಬೆಳವಣಿಗೆಯ ತೊಡಕು’ ಎಂಬುದು ಉದ್ದವಾಯಿತಾದರೂ ಮೂಲಕ್ಕಿಂತ ಉದ್ದವೇನಲ್ಲ, ಮತ್ತು ಕೇಳಿದೊಡನೆ ತಿಳಿಯುತ್ತದೆ.

ಇಲ್ಲಿ ‘ಮೂಳೆ’ ಎನ್ನದೆ ‘ಎಲುಬು’ ಎಂದುದಕ್ಕೂ ಕಾರಣವಿದೆ. ದಕ್ಷಿಣದ ಮಾತಿನಲ್ಲಿ ಮೂಳೆ ಹೆಚ್ಚು ಬಳಕೆಯಲ್ಲಿದ್ದರೂ ಎಲುಬು ಅಲ್ಲಿಯೂ ತಿಳಿಯುತ್ತದೆ; ಜಮಖಂಡಿ, ಮುಧೋಳ, ಬೀಳಗಿಗಳ ಕಡೆ ಎಲುಬೇ ರೂಢಿ. ಆ ಸೀಮೆಯಲ್ಲಿ ‘ಕಾಯಿಲೆ’ ಎಂಬುದೂ ಪುಸ್ತಕದ ಮಾತು. ಜನ ಆಡುವುದು ಜಡ್ಡು, ಬ್ಯಾನಿ. ಸೊಂಟಕ್ಕೆ ಅವರು ಟೊಂಕವೆನ್ನುತ್ತಾರೆ. ಮಲೆನಾಡಿನ ಒಂದು ಹಳ್ಳಿಯ ಹೆಸರನ್ನು ಹೊತ್ತ ಸಂಜ್ಞೆಯನ್ನು ಬಯಲುಸೀಮೆಯ ಶಾಲೆಯಲ್ಲಿಯೂ ಅರ್ಥವಾಗುವಂತೆ ಹೇಳಬೇಕಾದರೆ ಇಂಥ ಆಯ್ಕೆ ಅನಿವಾರ್ಯ.

ಊರಿನ ಹೆಸರುಗಳಾದರೋ ಎರಡು ಸೀಮೆಗಳಲ್ಲಿಯೂ ಒಂದೇ ನ್ಯಾಯವನ್ನು ಅನುಸರಿಸುತ್ತವೆ. ಗ್ರೀಕ್ ಸಂಜ್ಞೆಯನ್ನು ಕಲಿಸುವುದಕ್ಕೆ ಅವು ಒಳ್ಳೆಯ ಮೆಟ್ಟಿಲು. 1989ರಲ್ಲಿ ರೈತರೇ ಕೂಡಿ ಕಟ್ಟಿದ ಶ್ರಮಬಿಂದು ಸಾಗರದಿಂದ ಪ್ರಸಿದ್ಧವಾದ, ಜಮಖಂಡಿಯ ಬಳಿಯ ಚಿಕ್ಕಪಡಸಲಗಿಯನ್ನು ನೋಡಬಹುದು. ಏಳು ಅಕ್ಷರ, ಒಂದು ಗುರು, ಆರು ಲಘು. ಒತ್ತಕ್ಷರದ ಹಿಂದಿನ ಮೊದಲನೆಯದೊಂದೇ ಗುರು. ಅದರ ‘ಚಿಕ್ಕ’ ಎಂಬುದಕ್ಕೆ ಪೂರ್ಣವಾದ ಅರ್ಥ ಬರುವುದು ಹತ್ತಿರದಲ್ಲಿ ಹಿರೇಪಡಸಲಗಿ ಇರುವುದರಿಂದ. ಎಪಿಫಿಸಿಸ್, ಮೆಟಫಿಸಿಸ್‌ಗಳೂ ಹೀಗೆಯೇ ಒಂದೇ ಮೂಲಪದಕ್ಕೆ ಬೇರೆ ಬೇರೆ ಪೂರ್ವಪದಗಳು ಸೇರಿ ಆದವು. ಒಂದಿಲ್ಲದೆ ಇನ್ನೊಂದರ ಅರ್ಥ ತುಂಬದು. ಹಂದಿಗೋಡಿನಲ್ಲಿ ‘ಹಂದಿ’ ಮತ್ತು ‘ಕೋಡು’ ಎಂಬ ಎರಡು ಪದಗಳು ಕೂಡಿ, ಉತ್ತರಪದದ ಕಕಾರಕ್ಕೆ ಗಕಾರ ಆದೇಶವಾಗಿದೆ. ಕೋಡು ಎಂಬುದಕ್ಕೆ ಪ್ರಾಣಿಯ ಕೊಂಬು ಎಂಬಂತೆ ಬೆಟ್ಟದ ನೆತ್ತಿ ಎಂಬರ್ಥವೂ ಉಂಟು. ಅದೇ ಸಾಗರ ತಾಲ್ಲೂಕಿನ, 1949ರಲ್ಲಿ ಹುಟ್ಟಿದ ನೀನಾಸಂನಿಂದ ನಾಟಕಪ್ರಿಯರೆಲ್ಲರಿಗೂ ಪರಿಚಿತವಾದ ಹೆಗ್ಗೋಡಿನಲ್ಲಿಯೂ ಇರುವುದು ಇದೇ ಕೋಡು. ನೆರೆಯ ಎರಡು ಕೋಡುಗಳಲ್ಲಿ ಒಂದರ ಹೆಸರು ರಂಗಭೂಮಿಯಿಂದಲೂ ಇನ್ನೊಂದರದು ರೋಗದಿಂದಲೂ ದೇಶಾಂತರಕ್ಕೆ ಹೋಯಿತು.

ಊರಿನ ಹೆಸರು ಹೀಗೆ ರೋಗಕ್ಕೆ ಅಂಟುವುದು ಕನ್ನಡನಾಡಿನಲ್ಲಿ ಎರಡನೆಯ ಬಾರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ತಗಲಿದಾಗ, ಆ ಕಾಡಿನ ಹೆಸರೇ ಜ್ವರಕ್ಕೂ ಅದರ ರೋಗಾಣುವಿಗೂ ನಿಂತಿತು. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬ ಸ್ಥಳದ ಹೆಸರಿನ ಕೀಲುರೋಗವೊಂದಿದ್ದು, ಅದೂ ಹಂದಿಗೋಡಿನದೂ ಒಂದೇ ಆಗಿರಬಹುದೇ ಎಂಬ ಪ್ರಶ್ನೆಯನ್ನು 1997ರಲ್ಲಿ ವಿದ್ವಾಂಸರು ಎತ್ತಿ ಹೋಲಿಸಿ ನೋಡಿದರು. ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ ಹೆಸರನ್ನೂ ಪ್ರಾಣಿಯ ಹೆಸರನ್ನೂ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಹಂದಿಗೋಡಿನದು ಸಾಂಕ್ರಾಮಿಕವೂ ಅಲ್ಲ, ಹೊಸದೂ ಅಲ್ಲ. ಆದುದರಿಂದ ಆ ಸೂಚನೆ ಇದಕ್ಕೆ ತಟ್ಟುವುದಿಲ್ಲ.

ಉಳಿದಿರುವ ಒಂದು ಶಬ್ದ ‘ಮಾದರಿ’. ಇಂಗ್ಲಿಷಿನ ‘ಟೈಪ್’ ಎಂಬುದಕ್ಕೆ ಬದಲಾಗಿ ಇದನ್ನು ಹಾಕುವುದು ಅನುವಾದಕರ ಅಭ್ಯಾಸ. ಕನ್ನಡದಲ್ಲಿ ಮಾದರಿ ಎಂದರೆ ಇತರರು ನೋಡಿ ಅನುಸರಿಸತಕ್ಕದ್ದು ಎಂಬ ಅರ್ಥವೇ ಮುಂದಾಗಿ ತೋರುತ್ತದೆ. ‘ಮಾದರಿ ಶಾಲೆ’, ‘ಮಾದರಿ ಗ್ರಾಮ’ ಎಂಬಂತೆ. ಕೋಲೂರಿ ನಡೆಯುವವರಿರುವ ಊರಿಗೆ ಆ ಮಾತು ಒಪ್ಪುವುದಿಲ್ಲ. ‘ಹಂದಿಗೋಡು ಬಗೆ’ ಎಂದರೆ ಎರಡು ಮಾತ್ರೆಗಳಲ್ಲಿ ಕೆಲಸ ತೀರುತ್ತದೆ.